ಶಾಲೆಯ ಖರ್ಚು ಯಾರದು? ಫ.ಗು. ಹಳಕಟ್ಟಿಯವರ ಬದುಕಿನಿಂದ ಒಂದು ಪಾಠ

ಪ್ರತಿ ವರ್ಷ ಜುಲೈ 2ರಂದು ನಮ್ಮ ಶಾಲೆಗಳಲ್ಲಿ ಡಾ. ಫ.ಗು. ಹಳಕಟ್ಟಿಯವರ ಜಯಂತಿ ನಡೆಯುತ್ತದೆ. ರಾಜ್ಯದಲ್ಲಿ ಈ ದಿನವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಾರೆ. ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳಿಗೆ ಆ ದಿನ ಭಾಷಣದ ಜವಾಬ್ದಾರಿ ಬರುವುದೂ ಉಂಟು. ಹುಟ್ಟಿದ ಊರು, ತಾಡೋಲೆಗಳ ಹುಡುಕಾಟ, ವಚನಗಳ ಮುದ್ರಣ, ಹಳೆಯ ಕೋಟು, ಸೈಕಲ್ಲು, ಕೊನೆಯವರೆಗೂ ಬಿಡದ ಬಡತನ: ಇಷ್ಟು ಹೇಳಿ ಮುಗಿಸುತ್ತೇವೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಹೇಳಿದ್ದರಲ್ಲಿ ತಪ್ಪೇನಿಲ್ಲ, ಆದರೆ ಅರ್ಧ ಬಿಟ್ಟುಹೋಗಿರುತ್ತದೆ. ಹಳಕಟ್ಟಿಯವರು ಈ ಜಿಲ್ಲೆಯಲ್ಲಿ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬದುಕಿದರು. ವಚನಗಳಿಗೆ ದುಡಿದಂತೆಯೇ ಶಾಲೆಗೂ ದುಡಿದರು. ಶಾಲೆ ನಡೆಯಲು ಹಣ ಬೇಕು, ಆ ಹಣ ಒಂದು ವರ್ಷ ಬಂದು ಇನ್ನೊಂದು ವರ್ಷ ನಿಲ್ಲಬಾರದು, ಅದಕ್ಕೆ ಒಂದು ವ್ಯವಸ್ಥೆ ಬೇಕು ಎಂಬ ತಿಳಿವಳಿಕೆ ಅವರು ಮಾಡಿದ ಕೆಲಸಗಳಲ್ಲಿ ಎದ್ದು ಕಾಣುತ್ತದೆ. ಶಿಕ್ಷಕರಾಗಲು ಹೊರಟವರು ಅವರ ಬದುಕಿನ ಈ ಭಾಗವನ್ನು ಮುಖ್ಯವಾಗಿ ತಿಳಿದಿರಬೇಕು.

ಶಿಕ್ಷಕರ ಮನೆಯ ಮಗ

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಜೊತೆಗೆ ಕನ್ನಡದಲ್ಲಿ ಪುಸ್ತಕ ಬರೆದವರು. ತಾಯಿ ದಾನಮ್ಮ ಮಗ ಎಳೆಯವನಿದ್ದಾಗಲೇ ತೀರಿಕೊಂಡರು. ಆಗಿನ ಧಾರವಾಡ ಮುಂಬಯಿ ಪ್ರಾಂತ್ಯದ ಭಾಗ. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯ ಪ್ರಭಾವ ಬಲವಾಗಿತ್ತು. ಕನ್ನಡ ಶಾಲೆಗಳಿಗಾಗಿ, ಕನ್ನಡ ಪಠ್ಯಪುಸ್ತಕಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿದು ಹೋಗಿದ್ದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಶಾಲೆ, ಪುಸ್ತಕ, ಪತ್ರಿಕೆ ಇವುಗಳ ಮಾತು ನಡೆಯುತ್ತಿದ್ದ ಊರಿನಲ್ಲಿ, ಅಂಥದೇ ಮನೆಯಲ್ಲಿ ಬಾಲಕ ಫಕೀರಪ್ಪ ಬೆಳೆದ.

ಧಾರವಾಡದ ಓದು ಮುಗಿದ ಮೇಲೆ ಅವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜು ಸೇರಿದರು. ಪದವಿ ಪಡೆದು, ನಂತರ ಕಾನೂನು ಓದಿದರು. ಮುಂದೆ ಕರ್ನಾಟಕ ಏಕೀಕರಣಕ್ಕೆ ಹೆಸರಾದ ಆಲೂರು ವೆಂಕಟರಾಯರು ಅಲ್ಲಿ ಅವರ ಒಡನಾಡಿಗಳು. 1904ರ ಹೊತ್ತಿಗೆ ವಕೀಲರಾಗಿ ಮೊದಲು ಬೆಳಗಾವಿಗೆ, ಸ್ವಲ್ಪದರಲ್ಲೇ ವಿಜಾಪುರಕ್ಕೆ ಬಂದರು. ಇಂದಿನ ವಿಜಯಪುರವೇ ಆಗಿನ ವಿಜಾಪುರ. ಅಲ್ಲಿಂದ ಮುಂದೆ ಇದೇ ಅವರ ಊರಾಯಿತು.

ಅವರು ಬಂದ ಕಾಲದ ಶಾಲೆ

ವಿಜಾಪುರ ಜಿಲ್ಲಾ ಕೇಂದ್ರವಾಗಿ ಆಗ ಇಪ್ಪತ್ತು ವರ್ಷವಾಗಿತ್ತಷ್ಟೆ. 1885ರವರೆಗೆ ಕಲಾದಗಿಯೇ ಜಿಲ್ಲೆಯ ಮುಖ್ಯ ಊರು. 1876ರಿಂದ 1878ರ ಬರಗಾಲದಲ್ಲಿ ಈ ಸೀಮೆ ತತ್ತರಿಸಿಹೋಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಒಕ್ಕಲಿಗರು ಮಳೆಯನ್ನೇ ನಂಬಿ ಬಿಳಿಜೋಳ ಬಿತ್ತುವವರು. ಮಳೆ ಕೈಕೊಟ್ಟರೆ ಮನೆಯೂ ಬರಿದು, ಶಾಲೆಯೂ ಬರಿದು.

ಶಾಲೆ ಏಕೆ ಬರಿದಾಗುತ್ತಿತ್ತು ಎಂಬುದು ತಿಳಿಯಬೇಕಾದರೆ ಆಗಿನ ಹಣದ ದಾರಿ ನೋಡಬೇಕು. ಮುಂಬಯಿ ಪ್ರಾಂತ್ಯದಲ್ಲಿ 1863ರಿಂದ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರ ಕೂಡಿಸುವ ಪದ್ಧತಿ ಬಂತು. ಅದರಲ್ಲಿ ಮೂರನೇ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ರಸ್ತೆ ಮೊದಲಾದ ಕೆಲಸಗಳಿಗೆ. ಲೆಕ್ಕ ಹಾಕಿ ನೋಡೋಣ. ಒಬ್ಬ ರೈತ 16 ರೂಪಾಯಿ ಕಂದಾಯ ಕಟ್ಟಿದರೆ ಅದರ ಮೇಲಿನ ಕರ 16 ಆಣೆ, ಅಂದರೆ ಒಂದು ರೂಪಾಯಿ. ಅದರಲ್ಲಿ ಶಾಲೆಯ ಪಾಲು 5 ಆಣೆ 4 ಪೈ. ಹೀಗೆ ಕೂಡಿದ ಹಣದಲ್ಲಿ ಹಳ್ಳಿಗಳ ಶಾಲೆ ನಡೆಯಬೇಕು, ಮಾಸ್ತರರ ಸಂಬಳ ಹೋಗಬೇಕು.

ಈ ಕರದಿಂದ ಒಳ್ಳೆಯದೂ ಆಯಿತು. ಹಳ್ಳಿಯ ಶಾಲೆಗೆ ಮೊದಲ ಬಾರಿಗೆ ಕಾಯಂ ಹಣದ ದಾರಿ ಸಿಕ್ಕಿತು. ಆದರೆ ಕರ ಕಂದಾಯಕ್ಕೆ ಅಂಟಿಕೊಂಡಿದ್ದರಿಂದ ಕಂದಾಯ ವಸೂಲಾಗದ ವರ್ಷ ಕರವೂ ಬರುತ್ತಿರಲಿಲ್ಲ. ಹೆಚ್ಚು ಬೆಳೆಯುವ ಸೀಮೆಯ ಶಾಲೆಗೆ ಹೆಚ್ಚು ಹಣ, ಒಣಭೂಮಿಯ ಸೀಮೆಗೆ ಕಡಿಮೆ. ಎಲ್ಲಿ ನೆರವು ಹೆಚ್ಚು ಬೇಕೋ ಅಲ್ಲಿಯೇ ಅದು ಕಡಿಮೆಯಾಯಿತು. ಇಂಥ ಜಿಲ್ಲೆಗೆ ಹಳಕಟ್ಟಿಯವರು ವಕೀಲರಾಗಿ ಬಂದರು.

1910: ಹಣ ಕೂಡಿಸಲು ಒಂದು ಸಂಸ್ಥೆ

ವಕೀಲಿ ಚೆನ್ನಾಗಿ ನಡೆಯುತ್ತಿತ್ತು. ತಮ್ಮ ಸಂಪಾದನೆಯಲ್ಲಿ ನಾಲ್ಕು ಬಡ ಹುಡುಗರಿಗೆ ಫೀ ಕಟ್ಟಿ ಸುಮ್ಮನಿರಬಹುದಾಗಿತ್ತು. ಅನೇಕ ಗೃಹಸ್ಥರು ಆಗ ಹಾಗೆಯೇ ಮಾಡುತ್ತಿದ್ದರು. ಹಳಕಟ್ಟಿಯವರು ಅಷ್ಟಕ್ಕೆ ನಿಲ್ಲದೆ 1910ರಲ್ಲಿ ವಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಇಂದು ಬಿ.ಎಲ್.ಡಿ.ಇ. ಎಂದು ಎಲ್ಲರೂ ಕರೆಯುವ ಸಂಸ್ಥೆ ಇದೇ.

ಒಬ್ಬರ ದಾನಕ್ಕೂ ಸಂಸ್ಥೆಗೂ ಇರುವ ವ್ಯತ್ಯಾಸವನ್ನು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ದಾನಿ ತೀರಿಕೊಂಡರೆ, ಊರು ಬಿಟ್ಟರೆ, ಮನಸ್ಸು ಬದಲಿಸಿದರೆ ದಾನ ನಿಂತೀತು. ಸಂಸ್ಥೆಗೆ ನಿಯಮಾವಳಿ ಇರುತ್ತದೆ, ಸದಸ್ಯರಿರುತ್ತಾರೆ, ಜಮಾಖರ್ಚಿನ ಪುಸ್ತಕ ಇರುತ್ತದೆ. ಕಟ್ಟಿದವರು ಹೋದ ಮೇಲೂ ಅದು ಉಳಿಯಬಲ್ಲದು. ಬಿ.ಎಲ್.ಡಿ.ಇ. ಉಳಿದದ್ದು ಹಾಗೆಯೇ. ಬಂಥನಾಳದ ಶಿವಯೋಗಿಗಳಂಥವರು ಮುಂದೆ ಅದಕ್ಕೆ ಬಲ ತುಂಬಿದರು. ಅದರ ಅಡಿಯಲ್ಲಿ ಶಾಲೆಗಳು, ಕಾಲೇಜುಗಳು ಬೆಳೆದವು. ಅದರ ಎಂಜಿನಿಯರಿಂಗ್ ಕಾಲೇಜಿಗೆ ಹಳಕಟ್ಟಿಯವರದೇ ಹೆಸರಿದೆ.

ಒಂದು ಸಮಾಜದ ಹೆಸರಿನಲ್ಲಿ ಸಂಸ್ಥೆ ಕಟ್ಟುವುದು ಆ ಕಾಲದ ವಾಡಿಕೆ. ಸರ್ಕಾರದ ಕೈ ತಲುಪದ ಕಡೆ ಜನರು ತಮ್ಮ ಬಳಗದಿಂದ ಹಣ ಎತ್ತುತ್ತಿದ್ದರು. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯೆಗೆಂದು ಮೀಸಲಿಟ್ಟು 1906ರಲ್ಲಿ ತೀರಿಕೊಂಡರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಉತ್ತರ ಕರ್ನಾಟಕದ ಶಿಕ್ಷಣದ ಚರಿತ್ರೆಯಲ್ಲಿ ಇವರ ಉಪಕಾರ ದೊಡ್ಡದು. ಆದರೆ ಈ ದಾರಿಗೆ ಒಂದು ಮಿತಿಯೂ ಇತ್ತು. ಹಣವಿದ್ದ ಸಮಾಜಕ್ಕೆ ಶಾಲೆಯಾಗುತ್ತದೆ, ಹಣವಿಲ್ಲದ ಸಮಾಜದ ಮಕ್ಕಳ ಪಾಡೇನು? ಇದಕ್ಕೆ ಉತ್ತರ ಸಾರ್ವಜನಿಕ ಶಾಲೆಯೊಂದೇ. ಹಳಕಟ್ಟಿಯವರು ಸಂಸ್ಥೆ ಕಟ್ಟಿದ ಮೇಲೂ ನಗರಸಭೆಯ ಶಾಲೆಗಳ ಕೆಲಸ ಕೈಬಿಡಲಿಲ್ಲ ಎಂಬುದು ಇಲ್ಲಿ ಮುಖ್ಯ.

1912: ಬ್ಯಾಂಕಿಗೂ ಶಾಲೆಗೂ ಏನು ಸಂಬಂಧ?

1912ರಲ್ಲಿ ಅವರ ಮುಂದಾಳತನದಲ್ಲಿ ವಿಜಾಪುರದಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಪ್ರಾರಂಭವಾಯಿತು. ದೇಶದಲ್ಲಿ ಸಹಕಾರಿ ಸಂಘಗಳ ಎರಡನೆಯ ಕಾಯ್ದೆ ಬಂದದ್ದೂ ಅದೇ ವರ್ಷ. ರೈತರಿಗಾಗಿ, ನೇಕಾರರಿಗಾಗಿಯೂ ಅವರು ಸಹಕಾರಿ ಸಂಘಗಳನ್ನು ಕಟ್ಟಲು ದುಡಿದರು. ಅವರ ಜೀವನಚರಿತ್ರೆ ಹೇಳುವಾಗ ಇದನ್ನು ಒಂದು ಸಾಲಿನಲ್ಲಿ ದಾಟಿಹೋಗುತ್ತೇವೆ. ಶಿಕ್ಷಕರ ಕಣ್ಣಿನಿಂದ ನೋಡಿದರೆ ಇದು ಶಾಲೆಯ ಕಥೆಯೇ.

ಬಡ್ಡಿಯ ಸಾಲದಲ್ಲಿ ಮುಳುಗಿದ ಮನೆಯ ಮಗು ಶಾಲೆಗೆ ಬರುವುದಿಲ್ಲ. ಸುಗ್ಗಿಯಲ್ಲಿ ಹೊಲಕ್ಕೆ ಹೋಗುತ್ತದೆ, ಉಳಿದ ದಿನ ದನ ಕಾಯುತ್ತದೆ. ಇಂದಿಗೂ ಸಿಂದಗಿ, ಇಂಡಿ ಭಾಗದಲ್ಲಿ ಅಪ್ಪ ಅವ್ವ ದುಡಿಯಲು ಬೇರೆ ಊರಿಗೆ ಗುಳೆ ಹೋದರೆ ಹಾಜರಿ ಪುಸ್ತಕದಲ್ಲಿ ಅದು ಕಾಣುತ್ತದೆ. ಮನೆಯ ಆದಾಯ ಸ್ವಲ್ಪ ಗಟ್ಟಿಯಾದರೆ ಮಗು ಬೆಂಚಿನ ಮೇಲೆ ಉಳಿಯುತ್ತದೆ. ಶಾಲೆಗೆ ಕಟ್ಟಡ, ಶಿಕ್ಷಕರಿಗೆ ಸಂಬಳ, ಮಗುವಿನ ಮನೆಗೆ ಊಟ: ಇವು ಮೂರೂ ಸೇರಿದರೇ ಕಲಿಕೆ. ಹಳಕಟ್ಟಿಯವರು ಶಿಕ್ಷಣ ಸಂಸ್ಥೆ ಕಟ್ಟಿದ ಎರಡು ವರ್ಷಕ್ಕೇ ಬ್ಯಾಂಕು ಕಟ್ಟಿದ್ದನ್ನು ಈ ದೃಷ್ಟಿಯಿಂದ ಓದಬಹುದು.

ನಗರಸಭೆ ಮತ್ತು ಕಾನೂನು

ವಿಜಾಪುರ ನಗರಸಭೆಯಲ್ಲಿ ಅವರು ಸದಸ್ಯರಾಗಿ, ಉಪಾಧ್ಯಕ್ಷರಾಗಿ ಕೆಲಸ ಮಾಡಿದರು. ಊರಿಗೆ ನೀರು ಕೊಟ್ಟ ಭೂತನಾಳ ಕೆರೆಯ ಮಾತು ಬಂದಾಗ ಅವರ ಹೆಸರನ್ನು ಜನ ಇಂದಿಗೂ ನೆನೆಯುತ್ತಾರೆ. ನೀರಿನಷ್ಟೇ ಆಸ್ಥೆಯಿಂದ ಅವರು ಪ್ರಾಥಮಿಕ ಶಿಕ್ಷಣವನ್ನೂ ನೋಡಿಕೊಂಡರು. ಊರಿನಲ್ಲಿ ಕನ್ನಡ ಶಾಲೆಗಳು ಹೆಚ್ಚಬೇಕು, ಪ್ರಾಥಮಿಕ ಶಿಕ್ಷಣ ಎಲ್ಲ ಮಕ್ಕಳಿಗೂ ಸಿಗಬೇಕು ಎಂದು ದುಡಿದರು.

ಆ ವರ್ಷಗಳಲ್ಲಿ ದೇಶದಲ್ಲೂ ಇದೇ ಚರ್ಚೆ. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. 1912ರಲ್ಲಿ ಅದು ಬಿದ್ದುಹೋಯಿತು. ಎಲ್ಲ ಮಕ್ಕಳಿಗೂ ಶಾಲೆ ಎಂದರೆ ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆ ಆ ವಾದದ ನಡುವೆ ನಿಂತಿತ್ತು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತ್ಯಕ್ಕೆ ಒಂದು ಕಾಯ್ದೆ ಬಂತು. ನಗರಸಭೆಗಳು ಬಯಸಿದರೆ ತಮ್ಮ ಊರಿನಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬಹುದು, ಅದಕ್ಕೆ ಬೇಕಾದರೆ ತೆರಿಗೆಯನ್ನೂ ಹಾಕಬಹುದು ಎಂದಿತು ಆ ಕಾಯ್ದೆ. ಬಯಸಿದರೆ ಎಂಬ ಮಾತಿನಲ್ಲೇ ಎಲ್ಲವೂ ಅಡಗಿತ್ತು. ಊರಿನ ಸದಸ್ಯರು ತೆರಿಗೆ ಹಾಕುವ ಧೈರ್ಯ ಮಾಡಬೇಕು, ಜನರು ಒಪ್ಪಬೇಕು. 1923ರ ಕಾಯ್ದೆ ಪ್ರಾಥಮಿಕ ಶಾಲೆಗಳ ಆಡಳಿತದ ಭಾರವನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಇನ್ನಷ್ಟು ಕೊಟ್ಟಿತು.

1920ರಲ್ಲಿ ಹಳಕಟ್ಟಿಯವರು ಮುಂಬಯಿ ಶಾಸನಸಭೆಗೆ ಸದಸ್ಯರಾಗಿ ಹೋದರು. 1919ರ ಸುಧಾರಣೆಯಿಂದ ಶಿಕ್ಷಣದ ಖಾತೆ ಭಾರತೀಯ ಮಂತ್ರಿಗಳ ಕೈಗೆ ಬಂದಿದ್ದ ಕಾಲ ಅದು. ಆದರೆ ಹಣಕಾಸಿನ ಖಾತೆ ಮಾತ್ರ ಗವರ್ನರರ ಕಡೆಯೇ ಉಳಿಯಿತು. ಜವಾಬ್ದಾರಿ ಒಬ್ಬರಿಗೆ, ತಿಜೋರಿಯ ಕೀಲಿಕೈ ಇನ್ನೊಬ್ಬರಿಗೆ. ಶಾಲೆಯ ವಿಷಯದಲ್ಲಿ ಈ ತೊಡಕು ಎಷ್ಟು ಹಳೆಯದೆಂದು ತಿಳಿಯಲು ಈ ಸಂಗತಿ ಸಾಕು.

ಸಂಸ್ಥೆ, ಬ್ಯಾಂಕು, ನಗರಸಭೆ, ಶಾಸನಸಭೆ: ಈ ನಾಲ್ಕು ಮೆಟ್ಟಿಲುಗಳನ್ನು ಒಟ್ಟಿಗೆ ನೋಡಿ. ಒಂದೊಂದರಲ್ಲೂ ಹಣ ಹುಟ್ಟುವ ಬಗೆ ಬೇರೆ. ಸಂಸ್ಥೆಗೆ ವಂತಿಗೆ, ಬ್ಯಾಂಕಿಗೆ ಪಾಲುಬಂಡವಾಳ, ನಗರಸಭೆಗೆ ತೆರಿಗೆ, ಶಾಸನಸಭೆಗೆ ಪ್ರಾಂತ್ಯದ ಬಜೆಟ್ಟು. ಶಾಲೆಗೆ ಈ ಎಲ್ಲ ದಾರಿಗಳೂ ಬೇಕೆಂದು ತಿಳಿದವರಂತೆ ಅವರು ನಾಲ್ಕರಲ್ಲೂ ಕೆಲಸ ಮಾಡಿದರು.

ತಮ್ಮ ಕೆಲಸಕ್ಕೆ ತಾವೇ ಕೊಟ್ಟದ್ದು

ಇನ್ನು ಎಲ್ಲರಿಗೂ ಗೊತ್ತಿರುವ ಕಥೆ. ವಚನಗಳ ತಾಡೋಲೆ, ಹಸ್ತಪ್ರತಿಗಳನ್ನು ಅವರು ಹಳ್ಳಿಹಳ್ಳಿ ತಿರುಗಿ ಕೂಡಿಸಿದರು. 1923ರಲ್ಲಿ ವಚನ ಶಾಸ್ತ್ರ ಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಬೇರೆಯವರ ಮುದ್ರಣಾಲಯ ನಂಬಿ ಕೆಲಸ ಸಾಗದೆಂದು 1925ರಲ್ಲಿ ವಿಜಾಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ತೆರೆದರು. ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರು, ಬಾಡಿಗೆಯ ಮನೆಯಲ್ಲಿ ಬಾಳಿದರು. 1926ರಲ್ಲಿ ಶಿವಾನುಭವ, 1927ರಲ್ಲಿ ನವಕರ್ನಾಟಕ ಪತ್ರಿಕೆ ಹೊರಟವು. ಶಿವಾನುಭವ ಮೂರು ದಶಕಕ್ಕೂ ಮೀರಿ ನಡೆಯಿತು. ವಕೀಲಿಯ ಗಳಿಕೆಯೆಲ್ಲ ಕಾಗದಕ್ಕೆ, ಅಚ್ಚಿನ ಮೊಳೆಗೆ ಹೋಯಿತು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು ಬಂದವು. ಮನೆಯ ಕಷ್ಟ ಮಾತ್ರ ಹೋಗಲಿಲ್ಲ. 1964ರ ಜೂನ್ 29ರಂದು ಅವರು ತೀರಿಕೊಂಡರು.

ಈ ಭಾಗವನ್ನು ತ್ಯಾಗದ ಕಥೆಯೆಂದು ಹೇಳುತ್ತೇವೆ. ಅದು ತ್ಯಾಗವೇ, ಅನುಮಾನವಿಲ್ಲ. ಆದರೆ ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದಿಲ್ಲ. ಇಡೀ ನಾಡಿಗೆ ಬೇಕಾದ ಕೆಲಸವನ್ನು ಒಬ್ಬ ಮನುಷ್ಯ ತನ್ನ ಮನೆ ಮಾರಿ ಏಕೆ ಮಾಡಬೇಕಾಯಿತು? ಮಕ್ಕಳ ಓದಿಗೆ ಸಂಸ್ಥೆ ಕಟ್ಟಿದವರ ಸಂಶೋಧನೆಗೆ ಯಾವ ಸಂಸ್ಥೆಯೂ ಆಸರೆಯಾಗಿ ನಿಲ್ಲಲಿಲ್ಲ. ರೈತರಿಗೆ ಸಾಲ ಸಿಗಲೆಂದು ಬ್ಯಾಂಕು ಕಟ್ಟಿದವರು ಅಚ್ಚಿನ ಖರ್ಚನ್ನು ತಾವೇ ಹೊತ್ತರು. ಅವರು ತೀರಿದ ಮೇಲೆ ಅವರ ಹೆಸರಿನಲ್ಲಿ ಸಂಶೋಧನಾ ಕೇಂದ್ರ ಬಂತು, ಅವರ ಸಮಗ್ರ ಸಂಪುಟಗಳು ಬಂದವು. ಅದು ಸಂತೋಷದ ಸಂಗತಿ. ಆ ನೆರವಿನ ಸ್ವಲ್ಪ ಭಾಗ ಅವರು ಬದುಕಿದ್ದಾಗ ಸಿಕ್ಕಿದ್ದರೆ ಇನ್ನೆಷ್ಟು ಹಸ್ತಪ್ರತಿಗಳು ಗೆದ್ದಲಿಗೆ ತುತ್ತಾಗದೆ ಉಳಿಯುತ್ತಿದ್ದವೋ!

ತ್ಯಾಗದಿಂದ ಒಂದು ಕೆಲಸ ಪ್ರಾರಂಭವಾಗಬಹುದು. ತ್ಯಾಗದ ಮೇಲೆಯೇ ಅದು ನಡೆಯಬೇಕೆಂದು ಸಮಾಜ ಕುಳಿತರೆ ಆ ಮನುಷ್ಯನಿಗೂ ಅನ್ಯಾಯ, ಕೆಲಸಕ್ಕೂ ಅನ್ಯಾಯ. ಹಳಕಟ್ಟಿಯವರ ಬದುಕಿನ ಎರಡು ಭಾಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಈ ಮಾತು ಸ್ಪಷ್ಟವಾಗುತ್ತದೆ. ವ್ಯವಸ್ಥೆ ಕಟ್ಟಿದ ಕಡೆ ಕೆಲಸ ಅವರ ನಂತರವೂ ಬೆಳೆಯಿತು. ವ್ಯವಸ್ಥೆ ಇಲ್ಲದ ಕಡೆ ಇಡೀ ಭಾರ ಅವರ ಒಬ್ಬರ ಹೆಗಲ ಮೇಲೆ ಬಿತ್ತು.

ನಮ್ಮ ಕಾಲದ ಲೆಕ್ಕ

ಈಗ ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಒಂದು ಊರಿನ ಸರ್ಕಾರಿ ಶಾಲೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಒಂದಾಣೆ ಕರದ ಕಾಲ ಹೋಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 7ನೇ ಕಲಮಿನ ಪ್ರಕಾರ ಶಾಲೆಗೆ ಹಣ ಒದಗಿಸುವುದು ಕೇಂದ್ರ ಮತ್ತು ರಾಜ್ಯ ಎರಡೂ ಸರ್ಕಾರಗಳ ಹೊಣೆ. ಸಮಗ್ರ ಶಿಕ್ಷಣದಡಿ ಶಾಲೆಗೆ ವರ್ಷಕ್ಕೊಮ್ಮೆ ಸಂಯುಕ್ತ ಅನುದಾನ ನಿಗದಿಯಾಗಿದೆ. ಅದರ ಮಾರ್ಗಸೂಚಿಯಂತೆ 30ರವರೆಗೆ ಮಕ್ಕಳಿದ್ದರೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲೆ 1,00,000. ಇದರಲ್ಲಿ ಕನಿಷ್ಠ ಶೇಕಡಾ 10 ಭಾಗ ಸ್ವಚ್ಛತೆಗೆ ಹೋಗಬೇಕು.

80 ಮಕ್ಕಳಿರುವ ಶಾಲೆಯ ಲೆಕ್ಕ ಮಾಡಿ. 25,000 ರೂಪಾಯಿಯನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 2,083 ರೂಪಾಯಿ. ಸಣ್ಣಪುಟ್ಟ ದುರಸ್ತಿ, ಸೀಮೆಸುಣ್ಣ, ದಾಖಲೆ ಪುಸ್ತಕ, ವಿದ್ಯುತ್ ಬಿಲ್ಲು, ಕಲಿಕೋಪಕರಣ ಎಲ್ಲವೂ ಇದರಲ್ಲೇ ಆಗಬೇಕು. ಹಿಂದೆ ಸರ್ವ ಶಿಕ್ಷಾ ಅಭಿಯಾನದಲ್ಲಿ ಪ್ರತಿ ಶಿಕ್ಷಕರಿಗೆ ಕಲಿಕೋಪಕರಣಕ್ಕೆಂದೇ ವರ್ಷಕ್ಕೆ 500 ರೂಪಾಯಿ ಪ್ರತ್ಯೇಕವಾಗಿ ಬರುತ್ತಿತ್ತು. ಮೊತ್ತ ಸಣ್ಣದೇ. ಆದರೆ ಅದು ಶಿಕ್ಷಕರ ಹೆಸರಿನಲ್ಲಿ ಬರುತ್ತಿತ್ತು, ಏನು ಬೇಕೆಂದು ಅವರೇ ತೀರ್ಮಾನಿಸುತ್ತಿದ್ದರು. ಈಗ ಅದು ಒಟ್ಟು ಅನುದಾನದಲ್ಲಿ ಸೇರಿಹೋಗಿದೆ.

ಖಾಲಿ ಹುದ್ದೆಗಳಲ್ಲಿ ಅತಿಥಿ ಶಿಕ್ಷಕರು ಗೌರವಧನಕ್ಕೆ ದುಡಿಯುತ್ತಾರೆ. ವರ್ಷ ಮುಗಿದರೆ ಅವರ ಕೆಲಸವೂ ಮುಗಿಯುತ್ತದೆ, ಮುಂದಿನ ವರ್ಷ ಮತ್ತೆ ಹೊಸದಾಗಿ ಪ್ರಾರಂಭ. ಕೊರತೆ ಬಿದ್ದಾಗ ಕಾಯಂ ಶಿಕ್ಷಕರು ತಮ್ಮ ಕಿಸೆಯಿಂದ ಬಣ್ಣದ ಕಾಗದ, ನಕಾಶೆ, ಮಕ್ಕಳಿಗೆ ನೋಟ್‌ಬುಕ್ಕು ತರುತ್ತಾರೆ. ಪ್ರಶಿಕ್ಷಣಾರ್ಥಿಗಳೂ ಬೋಧನಾಭ್ಯಾಸದ ಚಾರ್ಟು, ಮಾದರಿಗಳಿಗೆ ಮನೆಯಿಂದ ಹಣ ತರುತ್ತಾರೆ. ಇವೆಲ್ಲ ಒಳ್ಳೆಯ ಮನಸ್ಸಿನ ಕೆಲಸಗಳು. ಆದರೆ ಹೀಗೆ ಕೊಟ್ಟದ್ದು ಯಾವ ಲೆಕ್ಕದಲ್ಲೂ ಬರೆಯಲ್ಪಡುವುದಿಲ್ಲ. ಬರೆಯದ ಕೊರತೆ ಮೇಲಿನವರಿಗೆ ಕಾಣುವುದಿಲ್ಲ. ಕಾಣದ ಕೊರತೆಗೆ ಮುಂದಿನ ವರ್ಷವೂ ಹಣ ಬರುವುದಿಲ್ಲ. ಶಿಕ್ಷಕರ ಔದಾರ್ಯವೇ ಕೊರತೆಯನ್ನು ಮುಚ್ಚಿಡುವ ಪರದೆಯಾಗುತ್ತದೆ.

ಹಳಕಟ್ಟಿಯವರ ದಾರಿಯಲ್ಲಿ ಹೋಗುವವರು ಇಲ್ಲಿ ಮಾಡಬೇಕಾದ ಕೆಲಸವಿದೆ. ನಮ್ಮ ರಾಜ್ಯದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಿಕ್ಷಣ ಹಕ್ಕು ಕಾಯ್ದೆಯ 21 ಮತ್ತು 22ನೇ ಕಲಮುಗಳು ಅನುದಾನದ ಬಳಕೆ ನೋಡುವ, ಶಾಲಾಭಿವೃದ್ಧಿ ಯೋಜನೆ ಮಾಡುವ ಅಧಿಕಾರವನ್ನು ಇಂಥ ಸಮಿತಿಗೆ ಕೊಟ್ಟಿವೆ. ಸಮಿತಿಯಲ್ಲಿ ತಂದೆತಾಯಿಗಳೇ ಹೆಚ್ಚು. ಶಾಲೆಗೆ ಏನು ಬೇಕು, ಎಷ್ಟು ಬಂತು, ಎಷ್ಟು ಕಡಿಮೆ ಬಿತ್ತು, ಆ ಕಡಿಮೆಯನ್ನು ಯಾರು ತುಂಬಿದರು ಎಂಬುದನ್ನು ಯೋಜನೆಯಲ್ಲಿ ಬರೆದು ಕಳಿಸುವುದು ಶಿಕ್ಷಕರ ಕೆಲಸ. ಇದು ದೂರು ಹೇಳುವುದಲ್ಲ. ಜಮಾಖರ್ಚಿನ ಪುಸ್ತಕ ಬರೆದವರ ಕೈಯಿಂದಲೇ ಈ ಜಿಲ್ಲೆಯ ಶಾಲೆಗಳು ಬೆಳೆದವು.

ತರಗತಿಯಲ್ಲಿ ಈ ಪಾಠ

ಬೋಧನಾಭ್ಯಾಸದಲ್ಲಿ ಹಳಕಟ್ಟಿಯವರ ಪಾಠ ಮಾಡುವವರಿಗೆ ಕೆಲವು ಸೂಚನೆಗಳು. ಪ್ರಾಥಮಿಕ ತರಗತಿಯಲ್ಲಿ ತಾಡೋಲೆ, ಸೈಕಲ್ಲಿನ ಕಥೆ ಇರಲಿ, ಮಕ್ಕಳಿಗೆ ಅದು ಹಿಡಿಸುತ್ತದೆ. 8ನೇ ತರಗತಿಯಿಂದ ಮೇಲೆ 1910, 1912, 1920, 1925 ಈ ನಾಲ್ಕು ವರ್ಷಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿಯೊಂದರ ಮುಂದೆ ಅವರು ಏನು ಮಾಡಿದರು, ಹಣ ಎಲ್ಲಿಂದ ಬಂತು ಎಂದು ಮಕ್ಕಳಿಂದಲೇ ಹೇಳಿಸಿ. ಮೊದಲ ಮೂರರ ಮುಂದೆ ವಂತಿಗೆ, ಪಾಲು, ಬಜೆಟ್ಟು ಎಂದು ಬರುತ್ತದೆ. ನಾಲ್ಕನೆಯದರ ಮುಂದೆ ಸ್ವಂತ ಮನೆ ಎಂದು ಬರೆಯುವಾಗ ಮಕ್ಕಳೇ ಪ್ರಶ್ನೆ ಕೇಳುತ್ತಾರೆ. ಪಾಠದ ತಿರುಳು ಆ ಪ್ರಶ್ನೆಯಲ್ಲಿದೆ.

ಗಣಿತದ ಪ್ರಶಿಕ್ಷಣಾರ್ಥಿಗಳು ರೂಪಾಯಿಗೆ ಒಂದಾಣೆಯ ಲೆಕ್ಕವನ್ನು ಭಿನ್ನರಾಶಿಯ ಪಾಠಕ್ಕೆ ಬಳಸಬಹುದು. 16ರಲ್ಲಿ 1 ಭಾಗ, ಅದರಲ್ಲಿ ಮತ್ತೆ ಮೂರನೇ 1 ಭಾಗ, ಒಟ್ಟು ಕಂದಾಯದ 48ರಲ್ಲಿ 1 ಭಾಗ ಶಾಲೆಗೆ. ತಮ್ಮೂರ ಅಜ್ಜಂದಿರು ಕಟ್ಟಿದ ಕಂದಾಯದಲ್ಲಿ ತಮ್ಮ ಶಾಲೆಯ ಪಾಲಿತ್ತೆಂದು ತಿಳಿದರೆ ಮಕ್ಕಳಿಗೆ ಶಾಲೆ ಯಾರೋ ಕೊಟ್ಟ ದಾನವೆನಿಸದು, ತಮ್ಮದೇ ಎನಿಸುತ್ತದೆ. ಸಮಾಜ ವಿಜ್ಞಾನದವರು ಶಾಲೆಗೆ ಈ ವರ್ಷ ಬಂದ ಅನುದಾನ ಎಷ್ಟೆಂದು ಮುಖ್ಯ ಗುರುಗಳನ್ನು ಕೇಳಿ, ಅವರ ಒಪ್ಪಿಗೆಯಿಂದ ಮಕ್ಕಳಿಗೆ ಓದಿ ಹೇಳಲಿ. ಜುಲೈ 2ರ ಭಾಷಣದ ನಂತರ ಇದಕ್ಕೆ ಹತ್ತು ನಿಮಿಷ ಸಾಕು.